ಸಾಲಿನ ನಡುವಿನ ಉಸಿರು

ಫೆಬ್ರವರಿ ೪

ಗುಬ್ಬಿ,

ನಿನಗೆ ಕಾಗದ ಬರೆಯದೆ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಲು ಹೋಗುವುದಿಲ್ಲ, ನೀನೂ ಹಾಕಬೇಡ. ಫೋನ್ ಮಾಡಬಹುದಿತ್ತು. ಆದರೆ ಫೋನ್ ಇರುವುದು ನಡುಮನೆಯಲ್ಲಿ, ಅಪ್ಪನ ಕುರ್ಚಿ ಇರುವುದೂ ನಡುಮನೆಯಲ್ಲಿ.

ಇವತ್ತು ಬೆಳಗಿನ ಪೂಜೆಯಲ್ಲಿ ಫಾದರ್ ಪ್ರಸಂಗವನ್ನು ಅರ್ಧಕ್ಕೆ ನಿಲ್ಲಿಸಿ ಒಂದು ಪತ್ರಿಕೆ ತೆಗೆದರು. ನಮ್ಮ ಚರ್ಚಿನ ಸಂತರ ಮೇಲೆ, ಕೊರಳಿಗೆ ಬೀಸುವ ಕಲ್ಲು ಕಟ್ಟಿಸಿಕೊಂಡು ನದಿಯಲ್ಲಿ ಮುಳುಗಿದ ನಮ್ಮ ರಕ್ತಸಾಕ್ಷಿಯ ಮೇಲೆ, ಯಾರೋ ಸಿನಿಮಾ ಮಾಡಿದ್ದಾರಂತೆ. ಅದರಲ್ಲಿ ಸಂತರಿಗೂ ಅವರನ್ನು ಸೆರೆಯಲ್ಲಿ ಕಾಯುವ ಸಿಪಾಯಿಗೂ... ಫಾದರ್ ಅಲ್ಲಿಗೆ ನಿಲ್ಲಿಸಿ ನೀರು ಕುಡಿದರು. ಎಲ್ಲರಿಗೂ ಅರ್ಥವಾಯಿತು. ಆಗದವರಿಗೆ ಪಕ್ಕದವರು ಅರ್ಥ ಮಾಡಿಸಿದರು. ಆಮೇಲೆ ಕೆಲಸ ಮಾಡಿದವರ ಹೆಸರುಗಳನ್ನು ಒಂದೊಂದಾಗಿ ಓದಿದರು. ‘ಶಬ್ದ ಸಂಕಲನ’ ಎಂದು ಹೇಳಿ ನಿನ್ನ ಹೆಸರು ಓದಿದಾಗ ಅಪ್ಪ ಬಲಿಪೀಠದ ಪಕ್ಕದಲ್ಲಿ ಆರಿಹೋದ ಮೇಣದಬತ್ತಿ ಹಚ್ಚುತ್ತಿದ್ದರು. ಬೆಂಕಿಕಡ್ಡಿ ಬೆರಳಿನವರೆಗೂ ಉರಿದು ಬಂತು. ಅವರು ಬಿಡಲಿಲ್ಲ.

ಮನೆಗೆ ಬಂದು ಊಟ ಮಾಡಿದರು, ಮಲಗಿದರು, ಎದ್ದು ಸಂಜೆಯ ಗಂಟೆ ಹೊಡೆಯಲು ಹೋದರು. ಎಂದಿನಂತೆ ಚರ್ಚಿನ ಬೀಗ ಹಾಕಿ, ಬೀಗದ ಕೈಯನ್ನು ಮೊಳೆಗೆ ತಗುಲಿಸಿದರು. ನಿನ್ನ ವಿಷಯ ಎತ್ತಲಿಲ್ಲ. ನೀನು ಅವರಿಗೆ ಆ ಮಾತು ಹೇಳಿ, ಅವರು ನಿನ್ನನ್ನು ಹೊಸ್ತಿಲಾಚೆ ನಿಲ್ಲಿಸಿದ ದಿನದಿಂದ ಎತ್ತಿಲ್ಲವಲ್ಲ.

ನಿಜವೇನೋ ಇದು? ನಿನಗೆ ಬೇರೆ ಸಿನಿಮಾ ಸಿಗಲಿಲ್ಲವೇ? ಹೋಗಲಿ, ಬೇರೆ ಸಂತರಾದರೂ ಸಿಗಲಿಲ್ಲವೇ?

ಅಕ್ಕ


ಫೆಬ್ರವರಿ ೧೧

ಪ್ರೀತಿಯ ಅಕ್ಕ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಕುಣಿಯುವಷ್ಟು ಖುಷಿಯಾಯಿತು. ಒಡೆದು ಓದಿದ ಮೇಲೆ ಕುಣಿಯಲಿಲ್ಲ.

ನಿಜ. ಸಿನಿಮಾ ನಿಜ, ಹೆಸರೂ ನನ್ನದೇ. ಆದರೆ ಫಾದರ್ ನೀರು ಕುಡಿಯುವಂಥದ್ದು ಅದರಲ್ಲಿ ಏನೂ ಇಲ್ಲ. ಒಬ್ಬ ಮನುಷ್ಯ ನಾಳೆ ಸಾಯುತ್ತಾನೆ. ಇನ್ನೊಬ್ಬ ಅವನನ್ನು ಕಾಯಬೇಕು. ಕಾಯುವವನಿಗೆ ಅವನ ಮೇಲೆ ಪ್ರೀತಿ. ಅಷ್ಟೇ ಕಥೆ. ಸಾಯುವ ಧೈರ್ಯ ಇದ್ದವನಿಗೆ ಪ್ರೀತಿಸುವ ಧೈರ್ಯ ಮಾತ್ರ ಯಾಕೆ ಇರಬಾರದೋ ನನಗೆ ಗೊತ್ತಾಗುವುದಿಲ್ಲ.

ನನ್ನ ಕೆಲಸ ಏನೆಂದು ನೀನು ಒಂದು ಸಲವೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಗೋಡೆಗೆಲ್ಲ ದಪ್ಪ ಕಂಬಳಿ ಬಡಿದ ಒಂದು ನೆಲಮಾಳಿಗೆ. ಕಿಟಕಿಯಿಲ್ಲ. ಹಗ್ಗದ ಮೇಲೆ ಬಟ್ಟೆ ಒಣಹಾಕಿದ ಹಾಗೆ ಟೇಪಿನ ತುಂಡುಗಳು ನೇತಾಡುತ್ತಿರುತ್ತವೆ. ಬ್ಲೇಡಿನಿಂದ ಕತ್ತರಿಸುವುದು, ಅಂಟಿಸುವುದು, ಕೇಳುವುದು, ಮತ್ತೆ ಕತ್ತರಿಸುವುದು. ಅದರಲ್ಲಿ ಅರ್ಧ ಕೆಲಸ ಉಸಿರು ತೆಗೆಯುವುದು. ಮಾತಿನ ನಡುವೆ ನಟರು ಎಳೆದುಕೊಳ್ಳುವ ಉಸಿರು ಮೈಕಿನಲ್ಲಿ ಕಮ್ಮಾರನ ತಿದಿಯ ಹಾಗೆ ಕೇಳಿಸುತ್ತದೆ. ನನ್ನ ಕಸದ ಬುಟ್ಟಿಯಲ್ಲಿ ಎಂಥೆಂಥ ದೊಡ್ಡ ನಟರ ಉಸಿರು ಬಿದ್ದಿದೆ ಗೊತ್ತಾ?

ಈ ಸಿನಿಮಾದಲ್ಲಿ ಒಂದೇ ಒಂದು ಉಸಿರಿಗಾಗಿ ಜಗಳ ಆಡಿದೆ. ಒಂದು ಹಾಡು ಬರುತ್ತದೆ, ಅದರ ಸಾಲಿನ ನಡುವೆ ಒಂದು ಉಸಿರು. ‘ಸಾಲು ತುಂಡಾಗುತ್ತೆ ಕಣಯ್ಯ, ತೆಗಿ’ ಅಂದರು ನಿರ್ದೇಶಕರು. ‘ಅದು ಹೋದ್ರೆ ನಾನೂ ಹೋಗ್ತೀನಿ’ ಅಂದೆ. ಮೂರು ದಿನ ಮುಖ ಊದಿಸಿಕೊಂಡು ಓಡಾಡಿದರು. ಉಸಿರು ಉಳಿಯಿತು.

ಅಪ್ಪ ನನ್ನ ವಿಷಯ ಎತ್ತಲಿಲ್ಲವೆಂದರೆ ಮರೆತಿದ್ದಾರೆಂದು ಅರ್ಥ. ಒಂದು ಲೆಕ್ಕಕ್ಕೆ ಒಳ್ಳೆಯದೇ. ಅವರ ಮಂಡಿನೋವು ಹೇಗಿದೆ? ಗಂಟೆಗೋಪುರದ ಮೆಟ್ಟಿಲು ಇನ್ನೂ ಹತ್ತುತ್ತಾರಾ?

ಗುಬ್ಬಿ


ಫೆಬ್ರವರಿ ೨೬

ಗುಬ್ಬಿ,

ಮಂಡಿನೋವು ಕೇಳಿ ಮಾತು ಹಾರಿಸಬೇಡ. ನಿನ್ನ ಈ ಆಟ ನಾನು ನಿನ್ನ ಹಾಲುಹಲ್ಲು ಬೀಳುವ ಮೊದಲಿನಿಂದ ನೋಡಿದ್ದೇನೆ.

ನಮ್ಮ ಹಾರ್ಮೋನಿಯಂ ಮೇಷ್ಟ್ರು, ಅಮ್ಮ ಹೋದ ಮೇಲೆ ಬಂದವರು, ನಿನಗೆ ಗೊತ್ತಿಲ್ಲ, ‘ಖಂಡಿಸಬೇಕಾದ್ರೆ ನೋಡ್ಲೇಬೇಕಲ್ಲಮ್ಮ’ ಎಂದು ರೈಲು ಹತ್ತಿ ನಿಮ್ಮ ನಗರಕ್ಕೆ ಹೋಗಿ ಸಿನಿಮಾ ನೋಡಿ ಬಂದರು. ಎರಡು ಸಲ ನೋಡಿದರಂತೆ. ಮೊದಲ ಸಲ ಕೋಪದಲ್ಲಿ ಸರಿಯಾಗಿ ಕಾಣಿಸಲಿಲ್ಲವಂತೆ.

ಸಾಯುವ ದಿನದ ಬೆಳಗ್ಗೆ ಸೆರೆಮನೆಯಲ್ಲಿ ಆ ಸಿಪಾಯಿ ಸಂತರ ಬೆನ್ನು ತೊಳೆಯುತ್ತಾನಂತೆ. ಆಮೇಲೆ ಮುತ್ತು ಕೊಡುತ್ತಾನಂತೆ. ಬರೆಯಲು ನನ್ನ ಕೈ ಬರುತ್ತಿಲ್ಲ, ನಿನಗೆ ಅದಕ್ಕೆ ಶಬ್ದ ಜೋಡಿಸಲು ಕೈ ಹೇಗೆ ಬಂತು? ಅಷ್ಟು ಸಾಲದೆಂದು ಆಗ ಹಿನ್ನೆಲೆಯಲ್ಲಿ ವಾದ್ಯವಿಲ್ಲದೆ ಒಬ್ಬ ಹೆಂಗಸು ಹಾಡುತ್ತಾಳಂತೆ: ‘ಬೆಳಕಿನ ನದಿಯೇ, ನನ್ನನು ನಿನ್ನ ದಡಕೆ ಸೇರಿಸು.’ ನಮ್ಮ ಹಾಡು. ನಮ್ಮ ಚರ್ಚು ಬಿಟ್ಟು ಬೇರೆಲ್ಲೂ ಯಾರೂ ಹಾಡದ ಹಾಡು. ಮೇಷ್ಟ್ರು ಗಾಯನ ತಂಡದ ಎಲ್ಲರ ಎದುರಿಗೆ ಹೇಳಿದರು, ‘ದನಿ ನಿಂದೇ ಕಣಮ್ಮ. ಬೈಬಲ್ ಮುಟ್ಟಿ ಹೇಳ್ತೀನಿ.’

ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ನನ್ನ ದನಿಯನ್ನು ಎಲ್ಲಿಂದ ಕದ್ದೆ? ಯಾವಾಗ? ಚರ್ಚಿನ ಶಾಲೆಯಲ್ಲಿ ಸಂಗೀತ ಕಲಿಸಿ ಬದುಕುವವಳು ನಾನು. ಈಗ ಅಂಗಳದಲ್ಲಿ ಹೋದರೆ ಜನ ಮಾತು ನಿಲ್ಲಿಸುತ್ತಾರೆ.

ಕೇಳು. ಮಾರ್ಚ್ ೨೧ಕ್ಕೆ ಸಿನಿಮಾ ನಮ್ಮೂರಿನ ಪುರಭವನಕ್ಕೇ ಬರುತ್ತಿದೆ. ಫಾದರ್ ಒಬ್ಬ ವಕೀಲರನ್ನು ಕರೆತಂದಿದ್ದಾರೆ. ‘ಈ ದನಿ ನನ್ನದು, ನನ್ನ ಒಪ್ಪಿಗೆಯಿಲ್ಲದೆ ಬಳಸಿದ್ದಾರೆ’ ಎಂದು ನಾನೊಂದು ಸಹಿ ಹಾಕಿದರೆ ಸಾಕಂತೆ. ಇಲ್ಲಿ ಮಾತ್ರವಲ್ಲ, ಎಲ್ಲ ಕಡೆಯೂ ಸಿನಿಮಾ ನಿಲ್ಲುತ್ತದಂತೆ. ಯಾಕೆ ಹಾಕಬಾರದು ಹೇಳು.

ಅಮ್ಮ ಕೆಮ್ಮಿ ಕೆಮ್ಮಿ ಸೋತುಹೋದ ಆ ವರ್ಷ ನೀನು ಒಂದು ಸಲವಾದರೂ ಬಂದೆಯಾ? ತಿಂಗಳಿಗೊಮ್ಮೆ ಅವಳನ್ನು ನಿನ್ನ ನಗರದ ದೊಡ್ಡ ಆಸ್ಪತ್ರೆಗೆ ಬಸ್ ಹತ್ತಿಸುತ್ತಿದ್ದವಳು ನಾನು. ನಿನಗೆ ಅಲ್ಲಿಂದ ಎರಡು ಬೀದಿ ದಾಟಿ ಬರಲಾಗಲಿಲ್ಲ. ಅವಳನ್ನು ಮಣ್ಣು ಮಾಡುವ ದಿನ ಬಂದೆ, ಗೇಟಿನ ಹೊರಗೆ ನಿಂತು ಹೋದೆ. ಈಗ ನನ್ನ ಗಂಟಲು ಬೇಕಾಯಿತಾ ನಿನಗೆ?

ಅಕ್ಕ


ಮಾರ್ಚ್ ೩

ಅಕ್ಕ,

ನಿನ್ನ ದನಿಯನ್ನು ನಾನು ಕದ್ದಿಲ್ಲ. ಇಷ್ಟು ಹೇಳಬಲ್ಲೆ, ಇದಕ್ಕಿಂತ ಹೆಚ್ಚು ಹೇಳಲಾರೆ. ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ಆ ಕೊನೆಯ ವರ್ಷದ ಬಗ್ಗೆ ನೀನು ಅಂದದ್ದಕ್ಕೂ ನಾನು ಉತ್ತರ ಕೊಡುವುದಿಲ್ಲ. ಅನ್ನು. ಗೇಟಿನ ಹೊರಗೆ ನಿಂತಿದ್ದು ನಿಜ. ಒಳಗೆ ಬಂದರೆ ಅಪ್ಪ ಗುಂಡಿಯ ಪಕ್ಕ ಬಿಟ್ಟು ಎದ್ದು ಹೋಗುತ್ತಾರೆ ಎಂದು ಹೆದರಿಕೆಯಾಯಿತು. ಅವರು ಅಲ್ಲಿರಬೇಕಿತ್ತು.

ಸಹಿ ಹಾಕಬೇಡ ಎಂದು ಬೇಡುವುದಿಲ್ಲ. ಅಲ್ಲಿ ದಿನವೂ ಬದುಕಬೇಕಾದವಳು ನೀನು, ನಾನಲ್ಲ. ಆದರೆ ಹಾಕುವ ಮೊದಲು ಒಂದು ವಿಷಯ ನನ್ನಿಂದಲೇ ಕೇಳಿಬಿಡು. ನೀವೆಲ್ಲ ‘ಅದು’, ‘ಆ ಮಾತು’, ‘ಆ ವಿಷಯ’ ಎಂದು ಅನ್ನುತ್ತೀರಿ. ಅದಕ್ಕೊಂದು ಮುಖ ಇದೆ, ಅಕ್ಕ. ಅವನು ಬಡಗಿ. ನಾನು ಉದ್ದಣ್ಣ ಅನ್ನುತ್ತೇನೆ, ಯಾಕೆಂದರೆ ನಮ್ಮ ಬಾಗಿಲಿಗೆ ದಿನಕ್ಕೊಂದು ಸಲ ಹಣೆ ಹೊಡೆಸಿಕೊಳ್ಳುತ್ತಾನೆ. ಕೆಳಗೆ ಅವನ ಮರಗೆಲಸದ ಅಂಗಡಿ, ಮೇಲೆ ನಮ್ಮ ಎರಡು ಕೋಣೆ. ಅವನು ಉಪ್ಪು ಜಾಸ್ತಿ ಹಾಕುತ್ತಾನೆ, ನಾನು ಬೈಯುತ್ತೇನೆ. ಏಳು ವರ್ಷವಾಯಿತು. ಅವನನ್ನು ನಾನು ಪ್ರೀತಿಸುತ್ತೇನೆ. ನೋಡು, ಬರೆದುಬಿಟ್ಟೆ, ಮನೆ ಕುಸಿಯಲಿಲ್ಲ.

ಈ ಸಿನಿಮಾ ನಿಂತರೆ ನನ್ನ ಕೆಲಸ ಹೋಗುವುದಿಲ್ಲ, ಬೇರೆ ಕೆಲಸ ಸಿಗುತ್ತದೆ. ಬೇರೆಯದೊಂದು ಹೋಗುತ್ತದೆ. ಏನೆಂದು ಕೇಳಬೇಡ. ಮಾತು ಕೊಟ್ಟಿದ್ದೇನೆ.

ಗುಬ್ಬಿ


ಮಾರ್ಚ್ ೮

ಗುಬ್ಬಿ,

ನಿನ್ನ ಕಾಗದವನ್ನು ಅಕ್ಕಿಡಬ್ಬದ ಹಿಂದೆ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಉದ್ದಣ್ಣನ ಬಗ್ಗೆ ಬರೆದದ್ದಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ನನಗೆ ಕೋಪವಿದೆ, ಅದರ ಜೊತೆಗೆ ಇನ್ನೇನೋ ಇದೆ. ಉಪ್ಪು ಜಾಸ್ತಿ ತಿನ್ನಬೇಡ, ನಮ್ಮ ಮನೆಯಲ್ಲಿ ಎಲ್ಲರಿಗೂ ರಕ್ತದೊತ್ತಡ.

ಆದರೆ ಇವತ್ತು ಸಂಜೆ ವಕೀಲರು ಬರುತ್ತಾರೆ, ನಾನು ಸಹಿ ಹಾಕುತ್ತೇನೆ. ಬೆನ್ನ ಹಿಂದೆ ಹಾಕಬಾರದೆಂದು ನಿನಗೆ ಮೊದಲೇ ಬರೆಯುತ್ತಿದ್ದೇನೆ. ಕದ್ದಿಲ್ಲ ಎನ್ನುತ್ತೀ, ಮತ್ತೆ ಹೇಗೆ ಬಂತು ಎಂದರೆ ಬಾಯಿಗೆ ಬೀಗ. ಇದನ್ನು ಯಾವ ಫಾದರ್ ನಂಬುತ್ತಾರೆ? ನಾನೇ ನಂಬುವುದಿಲ್ಲ.

ನಿನ್ನಿಂದ ನನಗಾದ ಅವಮಾನ ಒಂದೆರಡಲ್ಲ. ನಿನ್ನೆ ಅಭ್ಯಾಸದಲ್ಲಿ ಮೇಷ್ಟ್ರು ಎಲ್ಲರೆದುರಿಗೆ ನಕ್ಕರು. ‘ನಮಗೆಲ್ಲ ಸಾಲಿನ ಮಧ್ಯೆ ಉಸಿರು ತಗೋಬೇಡಿ ಅಂತ ಬೈತೀಯ. ಸಿನಿಮಾದಲ್ಲಿ ನೀನೇ ತಗೊಂಡಿದ್ದೀಯಲ್ಲಮ್ಮ! “ನಿನ್ನ” ಅಂತ ಹೇಳಿ, ಪುಸ್ ಅಂತ ಉಸಿರು ಎಳ್ಕೊಂಡು, ಆಮೇಲೆ “ದಡಕೆ”!’ ಎಲ್ಲರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಗುಬ್ಬಿ, ನಾನು ಜನ್ಮದಲ್ಲಿ ಅಲ್ಲಿ ಉಸಿರು ತೆಗೆದುಕೊಂಡಿಲ್ಲ. ತಂಡ ನನ್ನ ಕೈಗೆ ಬಂದಾಗ ನಾನು ಮೊದಲು ತಿದ್ದಿದ್ದೇ ಅದನ್ನು. ಒಂದೇ ಉಸಿರಿನಲ್ಲಿ ‘ದಡಕೆ’ ಮುಟ್ಟಬೇಕೆಂದು ಎಷ್ಟು ಒದ್ದಾಡಿದೆ ಗೊತ್ತಾ? ಮುದುಕಿಯರಂತೂ ಬಿಡಲೇ ಇಲ್ಲ. ಅವರಿಗೆಲ್ಲ ಅದು ಅಮ್ಮ ತಂಡ ನಡೆಸುತ್ತಿದ್ದಾಗ ಅವಳಿಂದ ಅಂಟಿದ ಅಭ್ಯಾಸ, ಅಮ್ಮನಿಗೆ ಎದೆ ಹಿಡಿದುಕೊಳ್ಳುತ್ತಿತ್ತಲ್ಲ, ಆ ಸಾಲು ಪೂರ್ತಿ ಎಳೆಯಲು ಆಗದೆ ಅವಳು ಅಲ್ಲಿ

ತಾಳು.


ಅದೇ ದಿನ, ಸಂಜೆ

ತಲೆನೋವೆಂದು ಹೇಳಿ ವಕೀಲರನ್ನು ಕಳಿಸಿಬಿಟ್ಟೆ.

ಅದು ಅಮ್ಮ.

ಎಲ್ಲಿ ಹಾಡಿದಳು? ಯಾರ ಎದುರಿಗೆ? ಮಾತು ಕೊಟ್ಟಿದ್ದು ಅವಳಿಗೇ ಆದರೆ ಅದನ್ನು ನಾನು ಮುರಿದಿದ್ದೇನೆ, ನೀನಲ್ಲ. ಈಗಲಾದರೂ ಬಾಯಿ ಬಿಡು. ವಕೀಲರು ಮುಂದಿನ ವಾರ ಮತ್ತೆ ಬರುತ್ತಾರೆ.

ಅಕ್ಕ


ಮಾರ್ಚ್ ೧೩

ಅಕ್ಕ,

ಅಮ್ಮನೇ.

ನೀನು ಅವಳನ್ನು ಬಸ್ ಹತ್ತಿಸುತ್ತಿದ್ದೆ, ನಾನು ಇಳಿಸಿಕೊಳ್ಳುತ್ತಿದ್ದೆ. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಅದು ಮುಗಿದ ಮೇಲೆ ಸಂಜೆಯ ಬಸ್ಸಿನವರೆಗೆ ನಮ್ಮ ಕೋಣೆಯಲ್ಲಿ ಇರುತ್ತಿದ್ದಳು. ‘ಸರದಿ ಉದ್ದ ಇತ್ತು’ ಎಂದು ನಿಮಗೆ ಹೇಳುತ್ತಿದ್ದಳಲ್ಲ, ಆ ಸರದಿ ನಾವು.

ಮೊದಲ ಸಲ ಬಂದಾಗ ಅವನ ಮುಖ ನೋಡಲಿಲ್ಲ. ಗೋಡೆ ನೋಡಿಕೊಂಡು ಕೂತಳು. ಅವಳು ಬಗ್ಗಿ ಬಗ್ಗಿ ಉಸಿರಾಡುವುದನ್ನು ಇವನು ನೋಡುತ್ತಿದ್ದ. ಮುಂದಿನ ತಿಂಗಳು ಅವಳು ಬರುವ ಹೊತ್ತಿಗೆ ಒಂದು ಕುರ್ಚಿ ಮಾಡಿಟ್ಟಿದ್ದ. ಬೆನ್ನು ಎತ್ತರ, ಕೈ ಊರಲು ಸರಿಯಾದ ಜಾಗ. ಕೂತಳು. ಬೆನ್ನು ಒರಗಿಸಿ, ‘ಎದೆ ಹಗುರ ಆಯ್ತಪ್ಪ’ ಎಂದಳು. ಅವನಿಗೆ ಅವಳು ಹೇಳಿದ ಮೊದಲ ಮಾತು ಅದು. ಆಮೇಲೆ ಅವನಿಗೆ ಅಡುಗೆ ಕಲಿಸಲು ನೋಡಿದಳು. ಉಪ್ಪಿನ ವಿಷಯದಲ್ಲಿ ಅವಳೂ ಸೋತಳು.

ಒಂದು ಮಧ್ಯಾಹ್ನ ಅವನೇ ಕೇಳಿದ, ‘ನಿಮ್ಮ ಮಗ ದಿನಾ ಅದೇನೋ ಗುನುಗ್ತಾನಮ್ಮ, ಪೂರ್ತಿ ಹಾಡು ಹೇಗಿದೆ?’ ರೆಕಾರ್ಡರ್ ಮೇಜಿನ ಮೇಲಿತ್ತು, ಒತ್ತಿದೆ. ಹಾಡಿದ ಮೇಲೆ ಅವಳು ಹೇಳಿದ್ದನ್ನು ಕೇಳು. ‘ಸಂತರನ್ನ ನೀರಿಗೆ ಹಾಕುವಾಗ ದಡದಲ್ಲಿ ಒಬ್ಬ ಸಿಪಾಯಿ ಅಳ್ತಾ ನಿಂತಿದ್ನಂತೆ. ನಮ್ಮ ಹಳೇ ಫಾದರ್ ಹೇಳ್ತಿದ್ರು. ಅವನ ಹೆಸರು ಮಾತ್ರ ಯಾರೂ ಬರೆದಿಡಲಿಲ್ಲ ನೋಡು.’ ಹೇಳಿ ಉದ್ದಣ್ಣನ ಕಡೆ ನೋಡಿದಳು. ಅಕ್ಕ, ಈ ಸಿನಿಮಾ ಹುಟ್ಟಿದ್ದು ಅಲ್ಲಿ. ನಾನು ನಿರ್ದೇಶಕರಿಗೆ ಹೇಳಿದೆ, ಅವರು ಕಥೆ ಬರೆದರು. ಆ ದೃಶ್ಯಕ್ಕೆ ಅವಳ ದನಿ ಹಾಕಲು ಅವಳ ಅಪ್ಪಣೆ ಕೇಳಲಾಗಲಿಲ್ಲ. ಇದ್ದಿದ್ದರೆ ಬೈಯುತ್ತಿದ್ದಳೋ ಏನೋ. ಆ ಉಸಿರನ್ನು ಮಾತ್ರ ನನ್ನ ಕೈಯಿಂದ ಕತ್ತರಿಸಲಾಗಲಿಲ್ಲ. ಅವಳದ್ದೆಂದು ನನ್ನ ಹತ್ತಿರ ಇರುವುದು ಅಷ್ಟೇ.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀ. ‘ಅಕ್ಕಂಗೆ ಹೇಳ್ಬೇಡ ಕಣೋ. ಅವಳಿಗೆ ಅಪ್ಪನ ಹತ್ರ ಮುಚ್ಚಿಡೋಕೆ ಬರಲ್ಲ. ಮುಖದಲ್ಲೇ ಬರೆದಿರುತ್ತೆ’ ಎಂದು ಪ್ರತಿ ಸಲ ಬಸ್ ಹತ್ತುವಾಗ ಹೇಳುತ್ತಿದ್ದಳು.

ಈಗ ಎಲ್ಲ ನಿನ್ನ ಕೈಯಲ್ಲಿದೆ. ದನಿ ನಿನ್ನದೆಂದು ಸಹಿ ಹಾಕಿದರೆ ಸಿನಿಮಾ ನಿಲ್ಲುತ್ತದೆ, ನಿನ್ನ ಮಾನ ಉಳಿಯುತ್ತದೆ, ಅಮ್ಮನ ಗುಟ್ಟೂ ಉಳಿಯುತ್ತದೆ. ಹಾಕದಿದ್ದರೆ ಮತ್ತೆ ಯಾರ ದನಿ ಎಂಬ ಪ್ರಶ್ನೆ ಬರುತ್ತದೆ, ಅಪ್ಪನ ಕಿವಿಗೆ ಬೀಳುತ್ತದೆ. ಹೆಂಡತಿ ತನ್ನಿಂದ ಬಚ್ಚಿಟ್ಟು ಇಲ್ಲಿಗೆ ಬರುತ್ತಿದ್ದಳೆಂದು ತಿಳಿದರೆ ಅವರು ತಡೆದುಕೊಳ್ಳುತ್ತಾರಾ? ನನಗೆ ಗೊತ್ತಿಲ್ಲ. ನೀನು ಏನು ಮಾಡಿದರೂ ನಾನು ಕೋಪಿಸಿಕೊಳ್ಳುವುದಿಲ್ಲ.

ಗುಬ್ಬಿ


ಮಾರ್ಚ್ ೨೨

ಗುಬ್ಬಿ,

ನಿನಗೆ ಉತ್ತರ ಬರೆಯದೆ ಕಾಯಿಸಿದೆ. ಬೇಕೆಂದೇ ಅಲ್ಲ.

ಮೊದಲು ನಿನ್ನ ಮೇಲೆ ಅಲ್ಲ, ಅವಳ ಮೇಲೆ ಸಿಟ್ಟು ಬಂತು. ಬಸ್ಸಿನ ಕಿಟಕಿಯಲ್ಲಿ ಕೂತು ನನಗೆ ಕೈಬೀಸುತ್ತಿದ್ದಳಲ್ಲೋ, ಏನೂ ಅರಿಯದವಳ ಮುಖ ಮಾಡಿಕೊಂಡು! ಆಮೇಲೆ ಆ ಕುರ್ಚಿ ನೆನಪಾಯಿತು. ನಾನು ಅವಳಿಗೆ ದಿಂಬು ಕೊಟ್ಟೆ, ಔಷಧಿ ಕೊಟ್ಟೆ, ಅಂಥ ಕುರ್ಚಿ ಬೇಕೆಂದು ನನಗೆ ಹೊಳೆಯಲಿಲ್ಲ. ಬೇರೆ ಯಾರಿಗೋ ಹೊಳೆಯಿತಲ್ಲ ಎಂದು ಅತ್ತೆ.

ವಕೀಲರು ಬಂದರು. ‘ಅದು ನನ್ನ ದನಿ ಅಲ್ಲ’ ಎಂದೆ. ಫಾದರ್ ಕನ್ನಡಕ ತೆಗೆದು, ‘ಮತ್ತೆ ಯಾರದಮ್ಮ?’ ಎಂದರು. ‘ನನ್ನದಲ್ಲ, ಅಷ್ಟೇ ಫಾದರ್’ ಎಂದೆ. ನಾನು ತಮ್ಮನನ್ನು ಬಚಾವ್ ಮಾಡುತ್ತಿದ್ದೇನೆಂದು ಅವರಿಗೆ ಅನ್ನಿಸಿತು. ಗಾಯನ ತಂಡದಿಂದ ಸ್ವಲ್ಪ ದಿನ ‘ವಿಶ್ರಾಂತಿ’ ತೆಗೆದುಕೋ ಎಂದಿದ್ದಾರೆ. ಶಾಲೆಯ ವಿಷಯ ಇನ್ನೂ ಹೇಳಿಲ್ಲ. ಹೇಳಿದಾಗ ನೋಡೋಣ.

ಅಮ್ಮ ನನ್ನನ್ನು ಚೆನ್ನಾಗಿ ತಿಳಿದಿದ್ದಳು. ಅಪ್ಪನಿಂದ ನಾನು ಎರಡು ದಿನ ಮುಚ್ಚಿಟ್ಟೆ, ಅದಕ್ಕಿಂತ ಹೆಚ್ಚು ಆಗಲಿಲ್ಲ. ಅವರು ಅಡುಗೆಮನೆಯ ಮೇಜಿನ ಮೇಲೆ ಮೇಣದಬತ್ತಿಯ ಬತ್ತಿ ಕತ್ತರಿಸುತ್ತ ಕೂತಿದ್ದಾಗ ಎಲ್ಲ ಹೇಳಿಬಿಟ್ಟೆ. ಆಸ್ಪತ್ರೆ, ಕೋಣೆ, ಕುರ್ಚಿ, ಹಾಡು, ಉದ್ದಣ್ಣ. ಅವರು ಕತ್ತರಿ ಕೆಳಗಿಟ್ಟರು. ಉಳಿದ ಬತ್ತಿಗಳನ್ನು ಹಾಗೇ ಬಿಟ್ಟು ಎದ್ದು ಹೋದರು. ಅವರು ಕೆಲಸ ಅರ್ಧಕ್ಕೆ ಬಿಟ್ಟದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಆಮೇಲೆ ನನ್ನ ಜೊತೆ ಮಾತಿಲ್ಲ.

ನಿನ್ನೆ ಸಿನಿಮಾ ವಿರೋಧಿಸಿ ಫಾದರ್ ಹೊರಡಿಸಿದ ಮೆರವಣಿಗೆಯಲ್ಲಿ ಎಲ್ಲರ ಜೊತೆ ಅಪ್ಪನೂ ಹೊರಟರು. ಸಂತರ ಪಟ ಹಿಡಿದುಕೊಂಡು ಎಲ್ಲರಿಗಿಂತ ಮುಂದೆ. ನನ್ನ ಎದೆ ಒಡೆದುಹೋಯಿತು. ನಾನು ಹಿಂದಿನ ಬೀದಿಯಿಂದ ಹೋಗಿ, ಟಿಕೆಟ್ ತೆಗೆದುಕೊಂಡು, ತಲೆ ತಗ್ಗಿಸಿಕೊಂಡು ಪುರಭವನದ ಒಳಗೆ ಕೂತೆ.

ಸಿನಿಮಾ ನನಗೆ ಪೂರ್ತಿ ಹಿಡಿಸಲಿಲ್ಲ, ಸುಳ್ಳು ಹೇಳುವುದಿಲ್ಲ. ಒಂದೊಂದು ಕಡೆ ಕುದುರೆ ನಿಂತರೆ ನಿಂತೇ ಇರುತ್ತದೆ. ನಿಮ್ಮ ನಿರ್ದೇಶಕರಿಗೆ ಕುದುರೆ ಎಂದರೆ ಇಷ್ಟವೋ ಏನೋ. ಆ ದೃಶ್ಯ ಬಂದಾಗ ಕಣ್ಣು ಮುಚ್ಚಿಕೊಳ್ಳಬೇಕೆಂದೇ ಹೋಗಿದ್ದೆ. ಸಿಪಾಯಿ ಬಟ್ಟೆ ಹಿಂಡಿ ಅವರ ಬೆನ್ನು ಒರೆಸುತ್ತಿದ್ದ. ಅಮ್ಮನಿಗೆ ಕೊನೆಕೊನೆಗೆ ನಾನು ಒರೆಸುತ್ತಿದ್ದೆನಲ್ಲ, ಹಾಗೇ, ಎಲುಬು ನೋಯದ ಹಾಗೆ. ನಾನು ಕಣ್ಣು ಮುಚ್ಚಲಿಲ್ಲ. ಮುತ್ತು ಕೊಟ್ಟಾಗಲೂ ಮುಚ್ಚಲಿಲ್ಲ.

ಹೊರಗೆ ಧಿಕ್ಕಾರದ ಕೂಗು ಜೋರಾಗಿತ್ತು. ಅವಳು ‘ಬೆಳಕಿನ ನದಿಯೇ’ ಎಂದು ಎತ್ತಿಕೊಂಡದ್ದು ನನಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಆ ಉಸಿರೂ ಈ ಗಲಾಟೆಯಲ್ಲಿ ಹೋಗಿಬಿಡುತ್ತದೆ ಎಂದು ಕೈ ಹಿಸುಕಿಕೊಂಡೆ. ಇದ್ದಕ್ಕಿದ್ದ ಹಾಗೆ ಹೊರಗೆ ಸದ್ದಡಗಿತು. ಪೊಲೀಸರು ಬಂದರೇನೋ ಅಂದುಕೊಂಡೆ. ‘ನನ್ನನು ನಿನ್ನ’ ಎಂದಳು, ಉಸಿರು ಎಳೆದುಕೊಂಡಳು, ‘ದಡಕೆ’ ಎಂದಳು. ಇಡೀ ಪುರಭವನಕ್ಕೆ ಕೇಳಿಸಿತು. ಗುಬ್ಬಿ, ಅಲ್ಲಿ ಉಸಿರು ತೆಗೆದುಕೊಳ್ಳುವುದೇ ಸರಿ. ನಾನು ಸುಮ್ಮನೆ ತಿದ್ದಿದೆ.

ಹೊರಗೆ ಏನಾಯಿತೆಂದು ಆಮೇಲೆ ಮೇಷ್ಟ್ರು ಹೇಳಿದರು. ಪಕ್ಕದ ಬಾಗಿಲಿನ ಸಂದಿಯಿಂದ ಹಾಡು ಕೇಳಿದ ಕೂಡಲೇ ಅಪ್ಪ ಸಂತರ ಪಟವನ್ನು ಮೇಷ್ಟ್ರ ಕೈಗೆ ತುರುಕಿ ಆ ಬಾಗಿಲಿಗೆ ಹೋಗಿ ನಿಂತರಂತೆ. ಜನ ಕೂಗುತ್ತಲೇ ಇದ್ದರು. ಅಪ್ಪ ತಿರುಗಿ, ಗಂಟೆಗೋಪುರದಿಂದ ಮಕ್ಕಳನ್ನು ಗದರಿಸುವ ಆ ದನಿಯಲ್ಲಿ, ‘ಸುಮ್ನಿರ್ರಯ್ಯ! ನನ್ನ ಹೆಂಡತಿ ಹಾಡ್ತಿದ್ದಾಳೆ’ ಅಂದರಂತೆ. ಫಾದರ್ ಕೂಡ ಬಾಯಿ ಮುಚ್ಚಿದರಂತೆ.

ನಾನು ಹೊರಗೆ ಬಂದಾಗ ಅವರು ಪಕ್ಕದ ಬಾಗಿಲಿನ ಮೆಟ್ಟಿಲ ಮೇಲೆ ಕೂತಿದ್ದರು. ಜನರೆಲ್ಲ ಹೋಗಿದ್ದರು. ಜೊತೆಯಲ್ಲಿ ನಡೆದು ಮನೆಗೆ ಬಂದೆವು. ಅವರು ಸಿನಿಮಾ ನೋಡಿಲ್ಲ, ನೋಡುವುದೂ ಇಲ್ಲವಂತೆ. ನಿನ್ನನ್ನು ಕ್ಷಮಿಸಿದ್ದಾರೋ ನನಗೆ ಗೊತ್ತಿಲ್ಲ. ಅಮ್ಮನನ್ನು ಕ್ಷಮಿಸಿದ್ದಾರೋ ಅದೂ ಗೊತ್ತಿಲ್ಲ. ಬಿಟ್ಟಿದ್ದ ಬತ್ತಿಗಳನ್ನು ಕೂತು ಕ್ರಮವಾಗಿ ಕತ್ತರಿಸಿ ಮುಗಿಸಿದರು. ಆಮೇಲೆ ನನ್ನ ಮುಖ ನೋಡದೆ ಒಂದೇ ಒಂದು ಪ್ರಶ್ನೆ ಕೇಳಿದರು.

‘ಹಾಡು ಮುಗಿದ್ಮೇಲೆ ಅವಳಿಗೆ ಕೆಮ್ಮು ಬಂತಾ?’

ನನಗೆ ಗೊತ್ತಿಲ್ಲ ಅಪ್ಪ, ನಾನಿರಲಿಲ್ಲ ಎಂದೆ. ಇವತ್ತು ಬೆಳಗ್ಗೆ ಮತ್ತೆ ಕೇಳಿದರು. ಗಂಟೆ ಹೊಡೆದು ಬಂದು ಮತ್ತೆ ಕೇಳಿದರು. ನೀವಿಬ್ಬರೂ ಅಲ್ಲಿದ್ದಿರಿ, ನಿಮಗೇ ಗೊತ್ತು. ಅದನ್ನು ಕಾಗದದಲ್ಲಿ ಬರೆಯಬೇಡ. ಬಂದು ಹೇಳು. ನಮ್ಮ ಬಾಗಿಲೂ ತಗ್ಗೇ ಇದೆ, ಉದ್ದಣ್ಣನಿಗೆ ತಲೆ ನೋಡಿಕೊಂಡು ಬರಲು ಹೇಳು.

ಅಕ್ಕ